ಡೀಸೆಲ್ ಬಿಟ್ಟು 1.2 ಪೆಟ್ರೋಲ್‌ಗೆ ಬಂದೆ, ಏರಿನಲ್ಲಿ ಎಳೆಯುವುದೇ ಇಲ್ಲ. ಗಾಡಿಯ ದೋಷವಾ, ಇದು ಇರುವುದೇ ಹೀಗಾ?

ಯಲಹಂಕ_ಹುಡುಗ

ಎಲ್ಲರಿಗೂ ನಮಸ್ಕಾರ. ವರ್ಷಗಟ್ಟಲೆ 1.3 ಲೀಟರ್ ಎಂಜಿನ್ನಿನ ಡೀಸೆಲ್ ಹ್ಯಾಚ್‌ಬ್ಯಾಕ್ ಓಡಿಸಿದವನು ನಾನು. ಈಗ ನಾಲ್ಕು ಸಿಲಿಂಡರಿನ 1.2 ಪೆಟ್ರೋಲ್ ತಗೊಂಡಿದ್ದೇನೆ, ಸೆಕೆಂಡ್ ಹ್ಯಾಂಡ್, ಮ್ಯಾನುಯಲ್. ಹಳೇ ಡೀಸೆಲ್ಲಿನ ಶಕ್ತಿ 75 ಪಿಎಸ್ (ಹೆಚ್ಚು ಕಮ್ಮಿ ಕುದುರೆ ಶಕ್ತಿ), ಇದು 83 ಪಿಎಸ್. ಅಂದರೆ ಇದೇ ಜಾಸ್ತಿ ಎಳೆಯಬೇಕು ಅಲ್ವಾ?

ಹೆಬ್ಬಾಳ ಫ್ಲೈಓವರ್ ಹತ್ತುವಾಗ ಮುಂದಿನ ಬಸ್ಸು ಸ್ವಲ್ಪ ನಿಧಾನ ಮಾಡಿದರೆ ಸಾಕು, ಸ್ಪೀಡು 35ಕ್ಕೆ ಇಳಿಯುತ್ತದೆ. ಥರ್ಡ್ ಗೇರಿನಲ್ಲೇ ಇರುತ್ತೇನೆ. ಬಸ್ಸು ಪಕ್ಕಕ್ಕೆ ಸರಿದ ಮೇಲೆ ಆಕ್ಸಿಲರೇಟರ್ ನೆಲಕ್ಕೆ ತಾಗಿಸಿದರೂ ಗಾಡಿ ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ನಾಲ್ಕು ಜನ, ಎಸಿ ಆನ್. ಸರ್ವಿಸ್‌ನವರು ಸ್ಕ್ಯಾನರ್ ಹಾಕಿ ನೋಡಿದರು, ಎರರ್ ಕೋಡ್ ಒಂದೂ ಇಲ್ಲ. ಆದರೂ ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಡಿಕಾರ್ಬನೈಸಿಂಗ್ ಅಂತ ಉದ್ದದ ಎಸ್ಟಿಮೇಟ್ ಕೈಗಿಟ್ಟಿದ್ದಾರೆ. ಮಾಡಿಸಲಾ, ಬೇಡವಾ?

ಸಿಲ್ಕ್‌ಬೋರ್ಡ್_ಸಂತ

ಪಿಕಪ್ ತಗೊಂಡು ಈ ಊರಲ್ಲಿ ಎಲ್ಲಿಗೆ ಹೋಗುತ್ತೀರಿ ಗುರುಗಳೇ. ನನ್ನ ಗಾಡಿ ಸೆಕೆಂಡ್ ಗೇರ್ ನೋಡಿ ಒಂದು ವಾರ ಆಯಿತು.

ಹಳೇ_ಕಾರ್ಬೊರೇಟರ್

ಎಸ್ಟಿಮೇಟ್ ಪಕ್ಕಕ್ಕಿಡಿ. ಥರ್ಡ್ ಗೇರಿನಲ್ಲಿ 35 ಇದ್ದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟು ತೋರಿಸುತ್ತಿತ್ತು ಅನ್ನುವುದನ್ನು ನೀವು ಬರೆದೇ ಇಲ್ಲ. ಈ ಸೈಜಿನ ಗಾಡಿಗಳ ಗೇರಿಂಗ್ ಗೊತ್ತು, ಹೆಚ್ಚು ಕಮ್ಮಿ 1650 ಇರುತ್ತದೆ. ಉತ್ತರ ಅಲ್ಲೇ ಇದೆ.

83 ಪಿಎಸ್ ಅನ್ನುವುದು ಗಾಡಿ ಯಾವಾಗಲೂ ಕೊಡುವ ಶಕ್ತಿ ಅಲ್ಲ. 6000 ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಕೊಡುವ ಶಕ್ತಿ. ಉಳಿದ ಕಡೆ ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು: ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಚುವ ಬಲವನ್ನು (ಎನ್‌ಎಂ ಲೆಕ್ಕದಲ್ಲಿ), ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿ, ಪಿಎಸ್ ಸಿಗುತ್ತದೆ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ನಿಮ್ಮ ಹಳೇ 1.3 ಡೀಸೆಲ್ 2000 ಆರ್‌ಪಿಎಂನಲ್ಲಿ 190 ಎನ್‌ಎಂ ಕೊಡುತ್ತಿತ್ತು. ಗುಣಿಸಿ ಭಾಗಿಸಿದರೆ 54 ಪಿಎಸ್. ಅದರ ಒಟ್ಟು 75ರಲ್ಲಿ ಮುಕ್ಕಾಲು ಪಾಲು 2000ಕ್ಕೇ ಕೈಗೆ ಬಂತು. ಈಗ ಪೆಟ್ರೋಲ್ ನೋಡಿ. ಬಹುಪಾಲು ಕಂಪನಿಗಳ, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಪಂಪು) ಇಲ್ಲದ 1.2ರಲ್ಲಿ ಟಾರ್ಕ್ ಸುಮಾರು 110ರಿಂದ 115 ಎನ್‌ಎಂ, ಅಷ್ಟೇ. ಅದೇ 54 ಪಿಎಸ್ ಬೇಕೆಂದರೆ 3400, 3500 ಆರ್‌ಪಿಎಂ ತನಕ ತಿರುಗಿಸಬೇಕು. ಡೀಸೆಲ್‌ಗೆ ಒಗ್ಗಿದ ಕಾಲು 2000ಕ್ಕೆ ಗೇರ್ ಬದಲಾಯಿಸುತ್ತದೆ, ಪೆಟ್ರೋಲ್ ಎಂಜಿನ್ ಅಲ್ಲಿ ಇನ್ನೂ ಕೆಲಸ ಶುರುವೇ ಮಾಡಿರುವುದಿಲ್ಲ.

ಇನ್ನೊಂದು ಮಾತು. ಆ ಡೀಸೆಲ್ ಕೂಡ 1800ರ ಕೆಳಗೆ ಸತ್ತಂತೆಯೇ ಇತ್ತು, ಓಡಿಸಿದವರಿಗೆಲ್ಲ ಗೊತ್ತು. ಟರ್ಬೊ ಎದ್ದೇಳುವ ತನಕ ಏನೂ ಇಲ್ಲ. ಅಲ್ಲಿ ಸೆಕೆಂಡಿಗೆ ಇಳಿಸುವುದು ನಿಮಗೆ ಅಭ್ಯಾಸ ಆಗಿಬಿಟ್ಟಿತ್ತು, ಇಲ್ಲಿ ಇಳಿಸುತ್ತಿಲ್ಲ.

ಯಲಹಂಕ_ಹುಡುಗ

ಸರ್, ಲೆಕ್ಕ ಅರ್ಥ ಆಯಿತು. ಆದರೆ ಪ್ರತೀ ಸಲ 3500ಕ್ಕೆ ರೈಸ್ ಮಾಡಿದರೆ ಎಂಜಿನ್ ಕಿರುಚುತ್ತದೆ. ಹಾಳಾಗುವುದಿಲ್ಲವಾ? ನಮ್ಮಪ್ಪ ಮಾರುತಿ 800ನ್ನು ಟಾಪ್ ಗೇರಿನಲ್ಲಿ 40ರಲ್ಲಿ ಓಡಿಸುತ್ತಿದ್ದರು, ಏರಿಗೂ ಗೇರ್ ಇಳಿಸುತ್ತಿರಲಿಲ್ಲ.

ಹಳೇ_ಕಾರ್ಬೊರೇಟರ್

ನಿಮ್ಮ ತಂದೆಯವರು ಓಡಿಸುತ್ತಿದ್ದುದು ಬೇರೆಯೇ ಸ್ವಭಾವದ ಎಂಜಿನ್ ಮಾರಾಯ್ರೇ. ಮಾರುತಿ 800ರಲ್ಲಿ 796 ಸಿಸಿ, 37 ಕುದುರೆ, ಟಾರ್ಕ್ ಬರೀ 59 ಎನ್‌ಎಂ. ಆದರೆ ಆ 59 ಸಿಗುತ್ತಿದ್ದುದು 2500ಕ್ಕೇ. ಗಾಡಿಯ ತೂಕ 650 ಕಿಲೋ ಆಸುಪಾಸು. ಕೆಳಗಡೆ ಎಳೆಯಲಿ ಅಂತಲೇ ಅದನ್ನು ಹಾಗೆ ಮಾಡಿದ್ದರು, ಮೇಲೆ ಏನೂ ಇರಲಿಲ್ಲ. ಇವತ್ತಿನ 1.2 ಗಾಡಿ ನಾಲ್ಕು ಜನ ಕೂತರೆ 1200 ಕಿಲೋ ಆಗುತ್ತದೆ, ಬಹುಪಾಲು ಎಂಜಿನ್ನುಗಳಲ್ಲಿ ಟಾರ್ಕಿನ ತುದಿ ಇರುವುದು 4000ದ ಮೇಲೆ.

3500 ಅನ್ನುವುದು ಈ ಎಂಜಿನ್ನಿಗೆ ಅರ್ಧ ದಾರಿ. ಎಣ್ಣೆ ಬಿಸಿಯಾಗಿರಬೇಕು, ಎಣ್ಣೆ ಮಟ್ಟ ಸರಿ ಇರಬೇಕು. ಅಷ್ಟಿದ್ದರೆ 5000ಕ್ಕೂ ಹೆದರಬೇಕಿಲ್ಲ. ನಿಜವಾಗಿ ಸವೆಸುವುದು 1300ರಲ್ಲಿ ಫೋರ್ತ್ ಹಾಕಿಕೊಂಡು ಗುಡುಗುಡು ಅನ್ನಿಸುತ್ತ ಪೂರ್ತಿ ಒತ್ತುವುದು. ಆಗ ಪಿಸ್ಟನ್ ನಿಧಾನವಾಗಿರುತ್ತದೆ, ಸಿಲಿಂಡರ್ ಒಳಗೆ ಒತ್ತಡ, ಬಿಸಿ ಜಾಸ್ತಿ ಹೊತ್ತು ನಿಲ್ಲುತ್ತದೆ, ನಾಕಿಂಗ್ (ಇಂಧನ ತಾನಾಗೇ ಹೊತ್ತಿ ಟಕಟಕ ಬಡಿಯುವುದು) ಶುರುವಾಗುತ್ತದೆ. ನಾಕ್ ಸೆನ್ಸರ್ ಅದನ್ನು ಕೇಳಿ ಸ್ಪಾರ್ಕನ್ನು ತಡ ಮಾಡುತ್ತದೆ. ಇದ್ದ ಅಷ್ಟಿಷ್ಟು ಎಳೆತವೂ ಹೋಗುತ್ತದೆ.

ಕೆಂಗೇರಿ_ಟರ್ಬೊ

ಇಷ್ಟೆಲ್ಲ ಪುರಾಣ ಯಾಕೆ? 1.0 ಟರ್ಬೊ ತಗೊಳ್ಳಿ, ಮುಗಿಯಿತು. ಟೈಗುನ್, ಕುಶಾಕ್‌ನಲ್ಲಿರುವ 1.0 ಟಿಎಸ್‌ಐ 178 ಎನ್‌ಎಂ ಕೊಡುತ್ತದೆ, ಅದೂ 1750ರಿಂದ 4500 ತನಕ ಸಪಾಟಾಗಿ. ಮೇಲಿನ ಸೂತ್ರಕ್ಕೇ ಹಾಕಿ ನೋಡಿ: 1750ರಲ್ಲಿ 44 ಪಿಎಸ್. ನಿಮ್ಮ 1.2ಕ್ಕೆ ಆ ಜಾಗದಲ್ಲಿ ಪೂರ್ತಿ 113 ಎನ್‌ಎಂ ಸಿಕ್ಕಿತು ಅಂತಲೇ ಇಟ್ಟುಕೊಂಡರೂ 28 ದಾಟುವುದಿಲ್ಲ, ಅದೂ ಸಿಗುವುದಿಲ್ಲ. 999 ಸಿಸಿ ಮೂರು ಸಿಲಿಂಡರಿಗೆ ಇಷ್ಟು ದಮ್ಮು ಇರುವಾಗ ಈ ಕಾಲದಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ತಗೊಳ್ಳುವುದೇ ದಂಡ.

ಮೂರು_ಸಿಲಿಂಡರ್

ತಗೊಂಡಾಗಿದೆ ಅಂತ ಅವರು ಮೊದಲ ಸಾಲಿನಲ್ಲೇ ಬರೆದಿದ್ದಾರೆ ಕಣಣ್ಣ. ಗಾಡಿ ವಾಪಸ್ ಕೊಟ್ಟು ಬರಲಾ?

ಆಮೇಲೆ ನಿಮ್ಮ ಟರ್ಬೊ 1400ರಲ್ಲಿ ಹೇಗಿರುತ್ತದೆ ಅನ್ನುವುದನ್ನೂ ಹೇಳಿ. ನನ್ನ ಭಾವನ ಹತ್ತಿರ ಇದೆ, ಟ್ರಾಫಿಕ್ಕಿನಲ್ಲಿ ಓಡಿಸಿದ್ದೇನೆ. ಸೆಕೆಂಡ್ ಗೇರಿನಲ್ಲಿ ಉರುಳುತ್ತ ಹಂಪ್ ಇಳಿದು ಒತ್ತಿದರೆ ಮೊದಲು ಏನೂ ಇಲ್ಲ, ಆಮೇಲೆ ಒಮ್ಮೆಗೇ ಜಿಗಿಯುತ್ತದೆ. ಅಲ್ಲಿ ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಇಲ್ಲದ ಹೊತ್ತಿನಲ್ಲಿ ಅದು ಬರೀ ಒಂದು ಲೀಟರಿನ ಎಂಜಿನ್ ಅಷ್ಟೇ. 1.2 ಕನಿಷ್ಠ ಹೇಳಿದಷ್ಟನ್ನು ಹೇಳಿದ ಹಾಗೆ ಕೊಡುತ್ತದೆ.

ಕೆಂಗೇರಿ_ಟರ್ಬೊ

ಅದು ಭಾವನ ಗೇರ್ ಬದಲಾಯಿಸುವ ಕ್ರಮ, ಟರ್ಬೊ ದೋಷ ಅಲ್ಲ 😄

ಓಬಿಡಿ_ಮೇಡಂ

ಎಲ್ಲರೂ ಕ್ಯಾಟಲಾಗಿನ ಅಂಕಿ ಹಿಡಿದು ಜಗಳ ಆಡುತ್ತಿದ್ದೀರಿ. ಆ ಅಂಕಿಗಳೆಲ್ಲ ಸಮುದ್ರಮಟ್ಟದ ಹತ್ತಿರದ ಗಾಳಿಗೆ ಲೆಕ್ಕ ಹಾಕಿದ್ದು. ನಾವಿರುವುದು 900 ಮೀಟರ್ ಮೇಲೆ. ಇದನ್ನು ಬೆಂಗಳೂರಿನವರು ಯಾಕೆ ಯಾವಾಗಲೂ ಮರೆಯುತ್ತಾರೋ ಗೊತ್ತಿಲ್ಲ.

ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ಕಳಿಸುವ ಒಂದು ಬ್ಲೂಟೂತ್ ಓಬಿಡಿ ಡಾಂಗಲ್ ಇದ್ದರೆ ನೀವೇ ನೋಡಬಹುದು. ಎಂಜಿನ್ ಸ್ಟಾರ್ಟ್ ಮಾಡಬೇಡಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಮ್ಯಾನಿಫೋಲ್ಡ್ ಪ್ರೆಷರ್ (ಎಂಜಿನ್ನಿಗೆ ಗಾಳಿ ಹೋಗುವ ಪೈಪಿನ ಒತ್ತಡ) ರೀಡಿಂಗ್ ನೋಡಿ. ಎಂಜಿನ್ ತಿರುಗುತ್ತಿಲ್ಲವಾದ್ದರಿಂದ ಅದು ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನೇ. ನಮ್ಮ ಮನೆ ಮುಂದೆ 91 ಕಿಲೋಪ್ಯಾಸ್ಕಲ್ ಬರುತ್ತದೆ. ಮಂಗಳೂರಿನಲ್ಲಿ 101 ಹತ್ತಿರ ಇರುತ್ತದೆ. ನಂದಿ ಬೆಟ್ಟದ ತುದಿ 1478 ಮೀಟರ್, ಅಲ್ಲಿ 85. ಟರ್ಬೊ ಇಲ್ಲದ ಎಂಜಿನ್ ಹೊರಗೆ ಇರುವ ಗಾಳಿಯನ್ನಷ್ಟೇ ಎಳೆದುಕೊಳ್ಳಬಲ್ಲದು. ಗಾಳಿ ಶೇ 10ರಷ್ಟು ಕಮ್ಮಿ ಅಂದರೆ ಟಾರ್ಕೂ ಹತ್ತಿರ ಹತ್ತಿರ ಅಷ್ಟೇ ಕಮ್ಮಿ, ಎಲ್ಲಾ ಆರ್‌ಪಿಎಂನಲ್ಲೂ. ನಿಮ್ಮ 83 ಇಲ್ಲಿ 75 ಆಯಿತು ಅಂದುಕೊಳ್ಳಿ. ಕಾರ್ಬೊರೇಟರ್ ಸರ್ ಹೇಳಿದ 3500 ಕೂಡ ಇಲ್ಲಿ 3800 ಆಗುತ್ತದೆ.

ಟರ್ಬೊಗೆ ಈ ತೊಂದರೆ ಅಷ್ಟಿಲ್ಲ, ಅದು ಇನ್ನೂ ಸ್ವಲ್ಪ ಜೋರಾಗಿ ತಿರುಗಿ ಕೊರತೆ ತುಂಬಿಕೊಳ್ಳುತ್ತದೆ. ಆದರೆ ಬೂಸ್ಟ್ ಏಳುವುದು ಒಂಚೂರು ತಡ.

ಎರಡನೇ ವಿಷಯ, ಇದು ಇನ್ನೂ ಮಜಾ ಇದೆ. 1500 ಆರ್‌ಪಿಎಂನಲ್ಲಿ ಗಾಡಿ ಉರುಳುತ್ತಿರುವಾಗ ಪಕ್ಕದಲ್ಲಿ ಕೂತವರಿಗೆ ಮೊಬೈಲ್ ಕೊಟ್ಟು ಅದೇ ರೀಡಿಂಗ್ ಓದಲು ಹೇಳಿ, ನೀವು ಆಕ್ಸಿಲರೇಟರ್ ನಿಧಾನವಾಗಿ ಒತ್ತಿ. ನನ್ನ ಗಾಡಿಯಲ್ಲಿ ಮೂರನೇ ಒಂದು ಭಾಗ ಒತ್ತುವಷ್ಟರಲ್ಲೇ 87, 88 ಬಂದುಬಿಡುತ್ತದೆ. ಅಲ್ಲಿಂದ ನೆಲಕ್ಕೆ ತಾಗಿಸಿದರೂ 90. ಅಂದರೆ ಉಳಿದ ಮೂರನೇ ಎರಡು ಭಾಗ ಪೆಡಲ್ ಒತ್ತಿದ್ದು ಸುಮ್ನೆ. ಎಂಜಿನ್ ನಿಧಾನವಾಗಿರುವಾಗ ಅದಕ್ಕೆ ಬೇಕಾದ ಗಾಳಿ ಕಮ್ಮಿ, ಥ್ರಾಟಲ್ (ಗಾಳಿಯ ಬಾಗಿಲು) ಸ್ವಲ್ಪ ತೆರೆದರೂ ಸಾಕಾಗುತ್ತದೆ. 4500ರಲ್ಲಿ ಹಾಗಲ್ಲ, ಅಲ್ಲಿ ಪೆಡಲಿನ ಕೊನೆಯ ಭಾಗಕ್ಕೂ ಬೆಲೆ ಇದೆ. "ಪೂರ್ತಿ ಒತ್ತಿದರೂ ಏನೂ ಆಗುವುದಿಲ್ಲ" ಅನ್ನುವ ದೂರು ನೂರಕ್ಕೆ ನೂರು ನಿಜ, ಆದರೆ ಅದು ದೋಷ ಅಲ್ಲ.

ಶಿರಾಡಿ_ಪ್ರಯಾಣಿಕ

ಮೇಡಂ, ಇದು ನನಗೆ ಯಾವಾಗಲೂ ಇದ್ದ ಅನುಮಾನ. ಊರಿಗೆ ಹೋದಾಗ ಪಡುಬಿದ್ರೆ, ಸುರತ್ಕಲ್ ಕಡೆ ಅದೇ ಗಾಡಿ ಚುರುಕಾಗಿರುತ್ತದೆ. ಸೆಕೆಯಲ್ಲಿ ಎಸಿ ಫುಲ್ ಇಟ್ಟರೂ ಸಹ. ನಮ್ಮಮ್ಮ ಊರಿನ ನೀರು, ಊರಿನ ಗಾಳಿ ಅನ್ನುತ್ತಾರೆ. ಗಾಳಿಯ ಮಟ್ಟಿಗೆ ಅವರು ಹೇಳಿದ್ದು ಸರಿಯೇ ಇತ್ತು ಅಂತಾಯಿತು.

ಆದರೆ ಶಿರಾಡಿ ಹತ್ತುವಾಗ ಗುಂಡ್ಯದಲ್ಲಿ ಇದ್ದ ಎಳೆತ ಸಕಲೇಶಪುರದ ಹತ್ತಿರ ಇರುವುದಿಲ್ಲ ಅನ್ನುವುದು ನನ್ನ ಭ್ರಮೆಯಾ?

ಓಬಿಡಿ_ಮೇಡಂ

ಭ್ರಮೆ ಅಲ್ಲ. ಸಕಲೇಶಪುರ ಹೆಚ್ಚು ಕಮ್ಮಿ ಬೆಂಗಳೂರಷ್ಟೇ ಎತ್ತರ. ಘಾಟಿ ಹತ್ತುತ್ತಾ ಹತ್ತುತ್ತಾ ಗಾಡಿ ಬೆಂಗಳೂರಿನ ಗಾಡಿ ಆಗುತ್ತದೆ.

ಮೂರು_ಸಿಲಿಂಡರ್

ನನ್ನದು ಟಿಯಾಗೊ, 1.2 ರೆವೊಟ್ರಾನ್. 86 ಪಿಎಸ್, 113 ಎನ್‌ಎಂ, ಅದೂ 3300ಕ್ಕೇ ಸಿಗುತ್ತದೆ. 2018ರ ಸ್ವಿಫ್ಟ್‌ನಲ್ಲಿ ಅದೇ 113 ಸಿಗಲು 4200 ಬೇಕು, ಹೋಂಡಾ ಅಮೇಜ್‌ನಲ್ಲಿ 110 ಸಿಗಲು 4800. ನಮ್ಮದು ಲಾಂಗ್ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 85.8 ಮಿಲಿಮೀಟರ್. ಅವೆರಡರದ್ದು 71.5, 71.6. ಸ್ಟ್ರೋಕ್ ಉದ್ದ ಇದ್ದರೆ ಕ್ರ್ಯಾಂಕ್ ಸನ್ನೆ ಉದ್ದ, ಅದಕ್ಕೇ ಕೆಳಗೆ ಟಾರ್ಕ್ ಜಾಸ್ತಿ. ಸಿಟಿಗೆ ಇದೇ ಸರಿ.

ಹಳೇ_ಕಾರ್ಬೊರೇಟರ್

ಟಿಯಾಗೊ ಸಿಟಿಗೆ ಸರಿ ಅನ್ನುವುದಕ್ಕೆ ತಕರಾರಿಲ್ಲ. ಕಾರಣಕ್ಕೆ ತಕರಾರಿದೆ. ಈ ಸ್ಟ್ರೋಕ್ ಕಥೆ ಗ್ಯಾರೇಜಿನಿಂದ ಗ್ಯಾರೇಜಿಗೆ ಹರಿದುಕೊಂಡು ಬಂದಿದ್ದು.

ಕ್ರ್ಯಾಂಕ್ ಉದ್ದ ಆದಾಗ, ಅದೇ ಸಿಸಿ ಇರಬೇಕೆಂದರೆ, ಪಿಸ್ಟನ್ನಿನ ಅಗಲ ಚಿಕ್ಕದಾಗಬೇಕು. ಸನ್ನೆಯಲ್ಲಿ ಸಿಕ್ಕಿದ ಲಾಭ ಪಿಸ್ಟನ್ ಮೇಲಿನ ಬಲದಲ್ಲಿ ಹೋಯಿತು. ಅಲ್ಲಿಗಲ್ಲಿಗೆ ಸರಿ. ಸಾಕ್ಷಿ ಬೇಕಾ? 2024ರ ಸ್ವಿಫ್ಟ್‌ಗೆ ಬಂದ ಹೊಸ ಮೂರು ಸಿಲಿಂಡರ್ 1.2ರ ಸ್ಟ್ರೋಕ್ 92.8 ಮಿಲಿಮೀಟರ್, ನಿಮ್ಮದಕ್ಕಿಂತ ಉದ್ದ. ಅದರ ಟಾರ್ಕ್ ತುದಿ ಎಲ್ಲಿದೆ? 4300ರಲ್ಲಿ. ಹಳೇ 71.5ರ ಎಂಜಿನ್ನಿಗಿಂತ 100 ಮೇಲೆ. ಸ್ಟ್ರೋಕೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಇದು ಆಗಬಾರದಿತ್ತು.

ಉದ್ದ ಸ್ಟ್ರೋಕಿನಿಂದ ನಿಜವಾಗಿ ಆಗುವುದು ಬೇರೆ. ಪಿಸ್ಟನ್ ಒಂದು ಸುತ್ತಿಗೆ ಜಾಸ್ತಿ ದೂರ ಓಡಬೇಕು. 71.5 ಇರುವ ಎಂಜಿನ್ 6000ದಲ್ಲಿ ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 14.3 ಮೀಟರ್. 92.8 ಇರುವುದು 5700ರಲ್ಲೇ 17.6. ಅದಕ್ಕೇ ಹೊಸ ಮೂರು ಸಿಲಿಂಡರುಗಳು ಮೇಲೆ ತಿರುಗಲು ಗೊಣಗುತ್ತವೆ, ಹಳೇ ನಾಲ್ಕು ಸಿಲಿಂಡರ್ ನುಣ್ಣಗೆ ಹೋಗುತ್ತದೆ. ಲಾಂಗ್ ಸ್ಟ್ರೋಕ್ ಮಾಡುವುದು ಮುಖ್ಯವಾಗಿ ಮೈಲೇಜಿಗೆ.

ಹಾಗಾದರೆ ಟಾರ್ಕ್ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅಂತ ತೀರ್ಮಾನಿಸುವುದು ಯಾರು? ಬಹುಪಾಲು ಗಾಳಿಯನ್ನು ಒಳಗೆ ಬಿಡುವ ಇನ್ಟೇಕ್ ವಾಲ್ವ್, ಅದು ಮುಚ್ಚುವ ಹೊತ್ತು. ಜೊತೆಗೆ ಇನ್ಟೇಕ್ ಪೈಪಿನ ಉದ್ದ.

ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿ ಒಳಗೆ ಬರುತ್ತದೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಆದರೆ ಪಿಸ್ಟನ್ ತಳ ಮುಟ್ಟಿದ ತಕ್ಷಣ ವಾಲ್ವ್ ಮುಚ್ಚುವುದಿಲ್ಲ. ಪಿಸ್ಟನ್ ಮೇಲಕ್ಕೆ ಹೊರಟ ಮೇಲೂ ಕ್ರ್ಯಾಂಕ್ ಇನ್ನು 40, 50 ಡಿಗ್ರಿ ತಿರುಗುವ ತನಕ ತೆರೆದೇ ಇರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವುದನ್ನು ನೆನೆಸಿಕೊಳ್ಳಿ. ಜನ ರಭಸದಿಂದ ನುಗ್ಗುತ್ತಿದ್ದರೆ ಕಂಡಕ್ಟರ್ ಸೀಟಿ ಊದಿದ ಮೇಲೂ ಹಿಂದಿನವರ ತಳ್ಳಾಟಕ್ಕೇ ಇನ್ನೂ ನಾಲ್ಕು ಜನ ಒಳಗೆ ಸೇರುತ್ತಾರೆ. ಜನ ನಿಧಾನಕ್ಕೆ ಹತ್ತುತ್ತಿದ್ದರೆ, ಒಳಗಿನಿಂದ ಒತ್ತಿದಾಗ ಫುಟ್‌ಬೋರ್ಡಿನವರು ಕೆಳಗೇ ಇಳಿಯುತ್ತಾರೆ. 4500ರಲ್ಲಿ ಪೈಪಿನೊಳಗೆ ಗಾಳಿ ರಭಸದಿಂದ ಬರುತ್ತಿರುತ್ತದೆ, ಬಾಗಿಲು ತಡವಾಗಿ ಮುಚ್ಚಿದಷ್ಟೂ ಜಾಸ್ತಿ ತುಂಬುತ್ತದೆ. 1500ರಲ್ಲಿ ರಭಸವೇ ಇಲ್ಲ, ಒಳಗೆ ಬಂದ ಗಾಳಿಯನ್ನೇ ಪಿಸ್ಟನ್ ಮೇಲೆ ಬರುತ್ತಾ ಹೊರಗೆ ದಬ್ಬುತ್ತದೆ.

ಅದಕ್ಕೇ ಒಂದೇ ಸಮಯಕ್ಕೆ ಮುಚ್ಚುವ ವಾಲ್ವ್ ಇದ್ದರೆ ಎರಡರಲ್ಲಿ ಒಂದನ್ನು ಬಿಡಬೇಕು. ಕೆಳಗೆ ಬೇಕಾ, ಮೇಲೆ ಬೇಕಾ? ಮಾರುತಿ 800 ಕೆಳಗಿನದನ್ನು ಆರಿಸಿಕೊಂಡಿತು. ಹೋಂಡಾದವರು 1989ರಲ್ಲಿ ಇಂಟೆಗ್ರಾ ಕಾರಿಗೆ ವಿಟೆಕ್ ಹಾಕಿದಾಗ ಒಂದೇ ಎಂಜಿನ್ನಿಗೆ ಎರಡು ಥರದ ಕ್ಯಾಮ್ (ವಾಲ್ವನ್ನು ತೆರೆಯುವ ಉಬ್ಬು) ಕೊಟ್ಟರು, 1.6 ಲೀಟರಿನಿಂದ 160 ಪಿಎಸ್ ತೆಗೆದರು, ಟರ್ಬೊ ಇಲ್ಲದೆ. ಈಗಿನ ಸಣ್ಣ ಗಾಡಿಗಳ ವಿವಿಟಿ (ವಾಲ್ವ್ ತೆರೆಯುವ, ಮುಚ್ಚುವ ಹೊತ್ತು ಬದಲಿಸುವ ವ್ಯವಸ್ಥೆ) ಇಷ್ಟು ದೊಡ್ಡ ಆಟ ಆಡುವುದಿಲ್ಲ. ಕ್ಯಾಮನ್ನು ಸ್ವಲ್ಪ ಹಿಂದೆ ಮುಂದೆ ತಿರುಗಿಸಿ ಕೆಳಗೂ ಒಂದಿಷ್ಟು, ಮೇಲೂ ಒಂದಿಷ್ಟು ಉಳಿಸಿಕೊಳ್ಳುತ್ತದೆ.

5000 ದಾಟಿದ ಮೇಲೆ ಟಾರ್ಕ್ ಯಾಕೆ ಇಳಿಯುತ್ತದೆ ಅಂದರೆ ವಾಲ್ವ್ ತೆರೆದಿರುವ ಹೊತ್ತೇ ಸಾಲುವುದಿಲ್ಲ, ಮೇಲಿಂದ ಉಜ್ಜಾಟಕ್ಕೆ ಹೋಗುವ ಶಕ್ತಿಯೂ ಜಾಸ್ತಿ. ಅಷ್ಟೇ.

ಜೆಸಿರೋಡ್_ಪಾನಾ

ಸರ್ ಬರೆದಿದ್ದು ಸರಿ. 3300, 4200, 4800 ಅಂತ ಕ್ಯಾಟಲಾಗಿನಲ್ಲಿ ಬರೆದಿದ್ದನ್ನು ನೋಡಿ ಜನ ಮೋಸ ಹೋಗುತ್ತಾರೆ, ಅದನ್ನೂ ಸೇರಿಸುತ್ತೇನೆ. ಅದು ತುದಿ ಎಲ್ಲಿದೆ ಅಂತ ಹೇಳುತ್ತದೆ, ಗುಡ್ಡ ಎಷ್ಟು ಚೂಪು ಅಂತ ಹೇಳುವುದಿಲ್ಲ. ಈ ಎಲ್ಲಾ ಎಂಜಿನ್ನುಗಳಲ್ಲೂ ಮಧ್ಯದ ಗೆರೆ ಸುಮಾರು ಸಪಾಟು. ತುದಿಯಲ್ಲಿ 113 ಇದ್ದರೆ ಅದರ ಆಚೀಚೆ ಸಾವಿರ ಆರ್‌ಪಿಎಂನಲ್ಲಿ 108, 109 ಇರುತ್ತದೆ.

ಇನ್ನೊಂದು ತುದಿಯನ್ನೂ ನೋಡಿ. ಸ್ವಿಫ್ಟ್ 6000ದಲ್ಲಿ 83 ಪಿಎಸ್ ಅಂದರೆ ಅಲ್ಲಿ ಟಾರ್ಕ್ 97. ಅಮೇಜ್ 6000ದಲ್ಲಿ 90, ಅಂದರೆ ಟಾರ್ಕ್ ಇನ್ನೂ 105 ಇದೆ. ಹೋಂಡಾ ಮೇಲೆ ಹಾಡುತ್ತದೆ ಅಂತ ಜನ ಹೇಳುವುದು ಇದಕ್ಕೇ. ಈ ಎರಡು ಅಂಕಿ ಕ್ಯಾಟಲಾಗಿನಲ್ಲಿ ಬರೆದಿರುವುದಿಲ್ಲ, ತೆಗೆಯಬೇಕು.

ಈಗ ಎಸ್ಟಿಮೇಟ್ ವಿಷಯ. ಕೋಡ್ ಇಲ್ಲ, ಐಡಲ್ ಸರಿ ಇದೆ, ಮೈಲೇಜ್ ಸರಿ ಇದೆ ಅಂದರೆ ಇಂಜೆಕ್ಟರ್ ಕ್ಲೀನಿಂಗಿಗೆ ದುಡ್ಡು ಹಾಕಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿ ಅಂತೀರಲ್ಲ, ಮೊದಲು ಕ್ಲಚ್ ನೋಡಿ. ಖಾಲಿ ರಸ್ತೆಯಲ್ಲಿ ಫೋರ್ತ್ ಗೇರಿನಲ್ಲಿ 50ರಲ್ಲಿ ಹೋಗುತ್ತ ಒಮ್ಮೆಗೇ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ಹಾರಿ ಸ್ಪೀಡು ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಒಟ್ಟಿಗೆ ನಿಧಾನಕ್ಕೆ ಏರಿದರೆ ಕ್ಲಚ್ ಚೆನ್ನಾಗಿದೆ. ಆಮೇಲೆ ಏರ್ ಫಿಲ್ಟರ್ ತೆಗೆದು ನೋಡಿ, ನಮ್ಮ ರೋಡಿನ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಪ್ಲಗ್ ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಬದಲಾಯಿಸಿ. ಒಂದು ಸುತ್ತು ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇಷ್ಟಕ್ಕೂ ಸಿಗದಿದ್ದರೆ ಆಗ ಉಳಿದದ್ದು.

ಸಿಲ್ಕ್‌ಬೋರ್ಡ್_ಸಂತ

ಎಲ್ಲಾ ಇ20 ಮಹಿಮೆ. ಪೆಟ್ರೋಲಿಗೆ ಸಾರಾಯಿ ಬೆರೆಸಿದ ಮೇಲೆ ಗಾಡಿ ಎಲ್ಲಿ ಓಡುತ್ತದೆ, ತೂರಾಡುತ್ತದೆ.

ಓಬಿಡಿ_ಮೇಡಂ

ಈ ಥ್ರೆಡ್‌ನಲ್ಲಿ ಅದನ್ನು ತರಬೇಡಿ ಪ್ಲೀಸ್. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ. ಹಾಗಾಗಿ ಶೇ 20 ಬೆರೆಸಿದರೆ ಲೀಟರಿಗೆ ಶೇ 6, 7ರಷ್ಟು ಕಮ್ಮಿ, ಅದು ಮೈಲೇಜಿನಲ್ಲಿ ಕಾಣುತ್ತದೆ. ಎಳೆತದಲ್ಲಿ ಅಷ್ಟು ಕಾಣುವುದಿಲ್ಲ, ಯಾಕೆಂದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದಕ್ಕೆ ತಕ್ಕಂತೆ ಇಂಜೆಕ್ಟರನ್ನು ಜಾಸ್ತಿ ಹೊತ್ತು ತೆರೆಯುತ್ತದೆ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಬೈಯೋಣ.

ಹಳೇ_ಕಾರ್ಬೊರೇಟರ್

ಯಲಹಂಕದವರಿಗೆ ಅವರ ಫ್ಲೈಓವರ್ ಲೆಕ್ಕವನ್ನೇ ಬಿಡಿಸಿ ಕೊಡುತ್ತೇನೆ. ಗೇರ್‌ಬಾಕ್ಸ್ ನಷ್ಟ ಬಿಟ್ಟಿದ್ದೇನೆ, ಅಂಕಿಗಳು ಅಂದಾಜಿನವು, ಆದರೆ ಪ್ರಮಾಣ ಸರಿ ಇದೆ.

ನಾಲ್ಕು ಜನ ಕೂತ ಗಾಡಿ 1200 ಕಿಲೋ. ಏರು ನೂರಕ್ಕೆ ಐದು. 35ರ ವೇಗದಲ್ಲಿ ಹಾಗೇ ಹತ್ತುತ್ತಿರುವುದಕ್ಕೇ 10 ಪಿಎಸ್ ಹತ್ತಿರ ಬೇಕು. ವೇಗ ಏರಿಸಲು ಅದರ ಮೇಲೆ ಉಳಿದದ್ದು ಮಾತ್ರ ಸಿಗುವುದು.

ಥರ್ಡ್ ಗೇರ್, 1650 ಆರ್‌ಪಿಎಂ. ಟಾರ್ಕ್ 95 ಅಂದುಕೊಂಡರೆ 22 ಪಿಎಸ್. ಬೆಂಗಳೂರಿನ ಗಾಳಿಗೆ ಎರಡು ಕಳೆಯಿರಿ, 20. ಎಸಿ ಕಂಪ್ರೆಸರ್ ಜೋರಾಗಿ ಓಡುತ್ತಿದ್ದರೆ ಮೂರೋ ನಾಲ್ಕೋ ತಿನ್ನುತ್ತದೆ, 16 ಉಳಿಯಿತು. ಏರಿಗೆ 10 ಹೋದರೆ ಕೈಯಲ್ಲಿ 6.

ಸೆಕೆಂಡ್ ಗೇರ್, ಅದೇ 35. ಈಗ ಆರ್‌ಪಿಎಂ 2450. ಟಾರ್ಕ್ 103 ಅಂದುಕೊಳ್ಳಿ, 36 ಪಿಎಸ್. ಗಾಳಿಯ ನಷ್ಟ ಕಳೆದು 32, ಎಸಿ ಕಳೆದು 28, ಏರಿಗೆ ಕಳೆದು 18.

ಆರಕ್ಕೂ ಹದಿನೆಂಟಕ್ಕೂ ಮೂರು ಪಟ್ಟು. ಎಂಜಿನ್ ಕೊಟ್ಟ ಶಕ್ತಿ ಮೂರು ಪಟ್ಟು ಆಗಿಲ್ಲ, ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ಏರು ಮತ್ತು ಎಸಿ ತಮ್ಮ ಪಾಲು ಮೊದಲೇ ತಗೊಂಡುಬಿಡುತ್ತವೆ. ಸಣ್ಣ ಎಂಜಿನ್ನಿನಲ್ಲಿ ಒಂದು ಗೇರ್ ಇಷ್ಟು ದೊಡ್ಡದಾಗಿ ಕಾಣುವುದು ಅದಕ್ಕೇ. 2 ಲೀಟರ್ ಗಾಡಿಯಲ್ಲಿ ಇದೇ ನಾಲ್ಕು ಪಿಎಸ್ ಎಸಿ ಗೊತ್ತೇ ಆಗುವುದಿಲ್ಲ.

ಯಲಹಂಕ_ಹುಡುಗ

ಕ್ಲಚ್ ಟೆಸ್ಟ್ ಮಾಡಿದೆ, ಜಾರುತ್ತಿಲ್ಲ. ಏರ್ ಫಿಲ್ಟರ್ ಮಾತ್ರ ನೋಡಲು ಆಗುತ್ತಿರಲಿಲ್ಲ, ಒಣಗಿದ ಎಲೆ, ಸತ್ತ ಜಿರಲೆ ಎಲ್ಲಾ ಇತ್ತು, ಬದಲಾಯಿಸಿದೆ.

ಭಾನುವಾರ ಬೆಳಿಗ್ಗೆ ಬೇಗ ದೇವನಹಳ್ಳಿ ಕಡೆ ಹೋಗಿ ಸರ್ವಿಸ್ ರಸ್ತೆಯಲ್ಲಿ ಸೆಕೆಂಡ್ ಗೇರಿನಲ್ಲಿ 5500 ತನಕ ಎಳೆದು ನೋಡಿದೆ. 3500 ದಾಟಿದ ಮೇಲೆ ಸದ್ದೇ ಬದಲಾಗುತ್ತದೆ, ಗೊರಗೊರ ಹೋಗಿ ಒಂದೇ ಸಮನೆ ಬಿಗಿ ಸದ್ದು. ಸೀಟು ಬೆನ್ನಿಗೆ ಒತ್ತುತ್ತದೆ ಅನ್ನುವಷ್ಟಿಲ್ಲ, ಆದರೆ ಸ್ಪೀಡೋಮೀಟರ್ ಮುಳ್ಳು ಹೋಗುತ್ತಲೇ ಇರುತ್ತದೆ. ಪಕ್ಕದಲ್ಲಿದ್ದ ಹೆಂಡತಿ "ಏನಾಯ್ತು, ಗೇರ್ ಸಿಕ್ಕಿಹಾಕಿಕೊಂಡಿತಾ?" ಅಂದಳು.

ಒಂದು ಪ್ರಶ್ನೆ ಉಳಿಯಿತು. ಟಾರ್ಕ್ 4200ಕ್ಕೇ ತುದಿ ಮುಟ್ಟಿ ಇಳಿಯುತ್ತದೆ ಅಂದಮೇಲೆ ಅಲ್ಲೇ ಗೇರ್ ಬದಲಾಯಿಸುವುದು ಸರಿ ಅಲ್ವಾ? 6000 ತನಕ ಯಾಕೆ?

ಜೆಸಿರೋಡ್_ಪಾನಾ

ದಿನಾ ಓಡಿಸಲು 4200 ಕೂಡ ಬೇಡ, 2500ಕ್ಕೆ ಬದಲಾಯಿಸಿ. ಲಾರಿ ಓವರ್‌ಟೇಕ್ ಮಾಡುವಾಗಿನ ಮಾತು ಬೇರೆ.

ಕುಣಿಗಲ್ ರಸ್ತೆಯಲ್ಲಿ ಲಾರಿ ಹಿಂದೆ 60ರಲ್ಲಿದ್ದೀರಿ ಅಂದುಕೊಳ್ಳಿ. ಥರ್ಡ್‌ನಲ್ಲಿ 60 ಅಂದರೆ 2800, ಟಾರ್ಕ್ 105 ಇದ್ದರೆ 42 ಪಿಎಸ್. ಸೆಕೆಂಡಿಗೆ ಇಳಿಸಿದರೆ 4200, ಅಲ್ಲಿ 113, ಅಂದರೆ 68 ಪಿಎಸ್. ಈಗಲೇ ಒಂದೂವರೆ ಪಟ್ಟು ದಾಟಿತು. ಅಲ್ಲಿಂದ 6000ಕ್ಕೆ ಹೋಗುವಾಗ ಟಾರ್ಕ್ 97ಕ್ಕೆ ಇಳಿಯುತ್ತದೆ ನಿಜ, ಆದರೆ ಶಕ್ತಿ 68ರಿಂದ 83ಕ್ಕೆ ಏರುತ್ತಲೇ ಇರುತ್ತದೆ. 6000ದಲ್ಲಿ ಥರ್ಡಿಗೆ ಹಾಕಿದರೆ ಮುಳ್ಳು 4000ಕ್ಕೆ ಬೀಳುತ್ತದೆ, ಅಂದರೆ ಮತ್ತೆ ದಪ್ಪ ಜಾಗಕ್ಕೇ ಬಂದಿರಿ. 4200ರಲ್ಲೇ ಥರ್ಡ್ ಹಾಕಿದ್ದರೆ 2800ಕ್ಕೆ ಬಿದ್ದು ವಾಪಸ್ 42 ಪಿಎಸ್‌ಗೆ ಬರುತ್ತಿದ್ದಿರಿ, ಅದೂ ಎದುರಿನ ಲೇನಿನಲ್ಲಿ ಇರುವಾಗ.

ಸೆಕೆಂಡಿಗೆ ಇಳಿಸುವ ಮುಂಚೆ ಒಂದೇ ಎಚ್ಚರಿಕೆ. 100ರಲ್ಲಿ ಹೋಗುತ್ತಿರುವಾಗ ಫೋರ್ತ್ ಅಂದುಕೊಂಡು ಸೆಕೆಂಡಿಗೆ ಎಳೆದುಬಿಟ್ಟರೆ ರೆವ್ ಲಿಮಿಟರ್ ಕಾಪಾಡುವುದಿಲ್ಲ. ಆಗ ಎಂಜಿನ್ನನ್ನು ತಿರುಗಿಸುವುದು ಚಕ್ರ. ಬಾಗಿದ ವಾಲ್ವ್‌ಗಳು ನಮ್ಮ ಅಂಗಡಿಗೆ ಬರುವುದು ಹೀಗೂ ಉಂಟು.

ಮೂರು_ಸಿಲಿಂಡರ್

ಹೀಗೆ ಎಳೆದರೆ ಮೈಲೇಜ್ ಕಥೆ?

ಓಬಿಡಿ_ಮೇಡಂ

ಆ ಹತ್ತು ಸೆಕೆಂಡಿಗೆ ಚೆನ್ನಾಗಿಯೇ ಕುಡಿಯುತ್ತದೆ. ಪೂರ್ತಿ ಒತ್ತಿದಾಗ ಇಸಿಯು ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಜಾಸ್ತಿ ಮಾಡುತ್ತದೆ. ಆದರೆ ಮೈಲೇಜ್ ಹಾಳು ಮಾಡುವುದು ಓವರ್‌ಟೇಕ್ ಅಲ್ಲ, ಮೇಖ್ರಿ ಸರ್ಕಲ್ಲಿನಲ್ಲಿ ಐಡಲ್‌ನಲ್ಲಿ ನಿಲ್ಲುವುದು. ವೇಗ ಏರಿಸುವಾಗ 2000ದಿಂದ 3000ದ ನಡುವೆ ಮುಕ್ಕಾಲು ಪೆಡಲ್ ಒತ್ತಿ ಬೇಗ ಏರಿಸಿ, ಆಮೇಲೆ ಮೇಲಿನ ಗೇರಿಗೆ ಹಾಕಿ ಹಗುರ ಕಾಲಲ್ಲಿ ಓಡಿಸಿ. ಸಣ್ಣ ಪೆಟ್ರೋಲಿಗೆ ಅದೇ ಹೊಂದುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಗೇರಿನಲ್ಲೇ ಕಾಲು ತೆಗೆದರೆ ಇಂಜೆಕ್ಟರ್ ಪೂರ್ತಿ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಪೆಟ್ರೋಲ್ ಬೇಕು.

ರಾಜಾಜಿನಗರ_ಆಂಟಿ

ನಾನು ಇಷ್ಟು ಹೊತ್ತು ಓದುತ್ತಿದ್ದೆ. ನಂದು ಎಎಂಟಿ (ತಾನೇ ಗೇರ್ ಬದಲಾಯಿಸುವ ಗಾಡಿ), ಅದೇ 1.2. ಗೇರ್ ನನ್ನ ಕೈಯಲ್ಲೇ ಇಲ್ಲವಲ್ಲ, ಇದೆಲ್ಲ ನನಗೆ ಹೇಗೆ?

ಹಳೇ_ಕಾರ್ಬೊರೇಟರ್

ನಿಮ್ಮ ಕೈಯಲ್ಲೇ ಇದೆಯಮ್ಮ. ಲಿವರ್ ಪಕ್ಕಕ್ಕೆ ಎಳೆದರೆ ಮ್ಯಾನುಯಲ್ ಮೋಡ್ ಬರುತ್ತದೆ, ಮೈನಸ್ ಕಡೆ ಒಮ್ಮೆ ತಟ್ಟಿದರೆ ಒಂದು ಗೇರ್ ಇಳಿಯುತ್ತದೆ. ಎಎಂಟಿ ತಾನಾಗಿ ಬಿಟ್ಟರೆ ಮೈಲೇಜಿಗೋಸ್ಕರ ಬೇಗ ಮೇಲಿನ ಗೇರಿಗೆ ಹಾಕುತ್ತದೆ. ಏರು ಶುರುವಾದ ಮೇಲೆ ನಿಮ್ಮ ಕಾಲು ಜೋರಾಗಿ ಒತ್ತಿದಾಗ ಯೋಚನೆ ಮಾಡಿ ಇಳಿಸುತ್ತದೆ, ಆ ಒಂದು ಸೆಕೆಂಡಿನಲ್ಲಿ ಎಳೆತವೇ ಇರುವುದಿಲ್ಲ. ಹಾಗಾಗಿ ಏರು ಕಂಡಾಗಲೇ, ವೇಗ ಇನ್ನೂ ಇರುವಾಗಲೇ ಮೈನಸ್ ತಟ್ಟಿ. ಓವರ್‌ಟೇಕಿಗೂ ಅಷ್ಟೇ, ಲಾರಿ ಹಿಂದೆ ಇರುವಾಗಲೇ ಇಳಿಸಿ, ಗೇರ್ ಕೂತ ಮೇಲೆ ಇಂಡಿಕೇಟರ್ ಹಾಕಿ.

ರಾಜಾಜಿನಗರ_ಆಂಟಿ

ಮೈನಸ್ ಯಾವ ಕಡೆ, ಮುಂದಕ್ಕಾ ಹಿಂದಕ್ಕಾ?

ಜೆಸಿರೋಡ್_ಪಾನಾ

ಗಾಡಿಯಿಂದ ಗಾಡಿಗೆ ಬೇರೆ ಆಂಟಿ. ಲಿವರ್ ಪಕ್ಕದಲ್ಲೇ ಗುರುತು ಇರುತ್ತದೆ, ನೋಡಿಕೊಂಡು ಖಾಲಿ ರಸ್ತೆಯಲ್ಲಿ ಒಂದು ಸಲ ಪ್ರಯತ್ನಿಸಿ. ಆರ್‌ಪಿಎಂ ತೀರಾ ಜಾಸ್ತಿ ಆಗುವಂತಿದ್ದರೆ ಅದು ಇಳಿಸುವುದೇ ಇಲ್ಲ, ಹಾಗಾಗಿ ಹೆದರಬೇಡಿ.